ಗಾಡಿಯ ಕೂಲೆಂಟ್ ಡಬ್ಬಿ

ಈಗ ಊರೂರಲ್ಲಿ ಚಿಕ್ಕ ಗೂಡ್ಸ್ ಗಾಡಿಗಳಿವೆ. ಟಾಟಾ ಏಸ್ ಗಾಡಿ ಬಂದದ್ದು 2005ರಲ್ಲಿ. ಆಮೇಲೆ ಇಂಥವು ಬಹಳ ಬಂದವು. ಟೊಮೆಟೊ, ಸೊಪ್ಪು, ಹಾಲಿನ ಕ್ಯಾನು ಎಲ್ಲಾ ಅದರಲ್ಲೇ ಹೋಗ್ತವೆ. ಓಡಿಸೋರು ಗಂಡನೋ ಮಗನೋ ಇರಬಹುದು. ಸಾಲದ ಕಂತಿನ ಚಿಂತೆ ಮಾತ್ರ ನಮಗೂ ಇದ್ದೇ ಇದೆ. ಗಾಡಿ ನಿಂತರೆ ದುಡಿಮೆ ನಿಂತಿತು. ಅದಕ್ಕೆ ಗಾಡಿಯ ಒಂದು ಪ್ಲಾಸ್ಟಿಕ್ ಡಬ್ಬಿಯ ವಿಷಯ ತಿಳಿಯೋಣ.

ಎಂಜಿನ್ ಒಳಗೆ ಡೀಸೆಲ್ ಉರಿಯುತ್ತದೆ. ಉರಿದ ಮೇಲೆ ಬಿಸಿ ಆಗಲೇಬೇಕಲ್ಲ? ಆ ಬಿಸಿ ಎಳೆದುಕೊಳ್ಳಲು ಎಂಜಿನ್ ಸುತ್ತ ಒಂದು ಬಣ್ಣದ ನೀರು ಹರಿಯುತ್ತದೆ. ಅದೇ ಕೂಲೆಂಟ್. ಅದು ರೇಡಿಯೇಟರಿಗೆ ಹೋಗಿ, ಗಾಳಿಗೆ ಆರಿ, ಮತ್ತೆ ಎಂಜಿನ್ನಿಗೆ ಬರುತ್ತದೆ. ಬಿಸಿಯಾದಾಗ ಅದು ಹಿಗ್ಗುತ್ತದೆ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಈ ಡಬ್ಬಿಗೆ. ಎಂಜಿನ್ ಆರಿದ ಮೇಲೆ ಅದು ವಾಪಸ್ ಹೋಗುತ್ತದೆ.

ಬಿಸಿಲಿಗಿಟ್ಟ ಪ್ಲಾಸ್ಟಿಕ್ ಕೊಡ ಏನಾಗುತ್ತದೆ? ಒಣಗಿ, ಗಡುಸಾಗಿ, ಒಂದು ದಿನ ಪಟ್ ಅಂತ ಬಿರಿಯುತ್ತದೆ. ಈ ಡಬ್ಬಿಯೂ ಹಾಗೇ. ಬಿಳಿ ಇದ್ದದ್ದು ಹಳದಿ ಆಗುತ್ತದೆ. ಪೈಪು ಸೇರುವ ಕಡೆ, ಬೆಸುಗೆಯ ಕಡೆ ಕೂದಲಿನಂಥ ಬಿರುಕು ಬರುತ್ತದೆ. ಕೂಲೆಂಟ್ ಸ್ವಲ್ಪ ಸ್ವಲ್ಪವೇ ಸೋರುತ್ತದೆ. "ನೀರು ಹಾಕಿದರಾಯ್ತು ಬಿಡಮ್ಮ" ಅಂತಾರೆ. ಆಗಾಗ ಹಾಕಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಕೂಲೆಂಟ್ ಖಾಲಿಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಆಗಿನ ಖರ್ಚಿನ ಮುಂದೆ ಡಬ್ಬಿಯ ಬೆಲೆ ಏನೂ ಅಲ್ಲ.

ಬೋರ್‌ವೆಲ್ ನೀರು ಹಾಕಿಸಬೇಡಿ. ಸ್ನಾನದ ಹಂಡೆಯೊಳಗೆ ಬಿಳಿ ಕಲ್ಲು ಕಟ್ಟುವುದನ್ನು ನೋಡಿದ್ದೀರಲ್ಲ, ಎಂಜಿನ್ ಒಳಗೂ ಅದೇ ಕಟ್ಟುತ್ತದೆ.

ಬಿರುಕಿಗೆ ಅಂಟು ಮೆತ್ತಬಹುದೇ? ದಾರಿಯಲ್ಲಿ ನಿಂತಾಗ ಗ್ಯಾರೇಜು ಮುಟ್ಟುವಷ್ಟಕ್ಕೆ ಆಗಬಹುದು. ಈ ಪ್ಲಾಸ್ಟಿಕ್ಕಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಕೆಲವು ಗಾಡಿಗಳಲ್ಲಿ ಡಬ್ಬಿಯೊಳಗೂ ಕುಕ್ಕರಿನಂತೆ ಒತ್ತಡ ಇರುತ್ತದೆ. ಅಂಥ ಡಬ್ಬಿಗೆ ತೇಪೆ ಬೇಡವೇ ಬೇಡ. ಹೊಸದೇ ಹಾಕಿಸಿ.

ಮುಚ್ಚಳದ ಮಾತು ಮುಖ್ಯ. ಕುಕ್ಕರಿನ ಆವಿ ಹೋಗುವ ಮೊದಲು ಮುಚ್ಚಳ ತೆಗೀತೀವಾ? ಇಲ್ಲ. ಬಿಸಿ ಎಂಜಿನ್ನಿನಲ್ಲಿ ಡಬ್ಬಿಯ ಮುಚ್ಚಳವನ್ನೂ, ರೇಡಿಯೇಟರಿನ ಮುಚ್ಚಳವನ್ನೂ ಮುಟ್ಟಬಾರದು. ತೆಗೆದರೆ ಕುದಿಯುವ ಕೂಲೆಂಟ್ ಭುಸ್ ಅಂತ ಮೇಲೆ ಹಾರುತ್ತದೆ. ಮುಖ, ಕೈ ಬೆಂದುಹೋಗುತ್ತದೆ. ಪೂರ್ತಿ ಆರಲಿ. ಆಮೇಲೆ ಬಟ್ಟೆ ಹಿಡಿದು ನಿಧಾನ ತಿರುಗಿಸಿ.

ಡಬ್ಬಿ ಬದಲಿಸುವಾಗ ಕೆಳಗೆ ಬೋಗುಣಿ ಇಡಬೇಕು. ಪೈಪಿನ ಕ್ಲಿಪ್ ಸಡಿಲಿಸಿ, ಬೋಲ್ಟ್ ಬಿಚ್ಚಿದರೆ ಹಳೆಯದು ಬರುತ್ತದೆ. ಪೈಪು ಗಡುಸಾಗಿದ್ದರೆ ಅದನ್ನೂ, ಜೊತೆಗೆ ಮುಚ್ಚಳವನ್ನೂ ಹೊಸದು ಹಾಕಿಸಿ. ಹಳೇ ಮುಚ್ಚಳ ಹೊಸ ಡಬ್ಬಿಯನ್ನೂ ಕೆಡಿಸಬಹುದು. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ತನ್ನಿ. ಹಸಿರು, ಕೆಂಪು ಅಂತ ಬೇರೆ ಬೇರೆ ಜಾತಿ ಬೆರೆಸಬೇಡಿ. ತುಂಬಿದ ಮೇಲೆ ಒಳಗಿನ ಗಾಳಿ ಹೊರಗೆ ಹೋಗಬೇಕು. ಅದು ಮೆಕ್ಯಾನಿಕ್ ಕೆಲಸ, ಅವರಿಗೇ ಬಿಡಿ.

ಬೋಗುಣಿಗೆ ಬಿದ್ದ ಹಳೇ ಕೂಲೆಂಟ್ ಏನು ಮಾಡುವುದು? ಇಲ್ಲಿ ಬಹಳ ಜೋಪಾನ. ಅದರಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ವಿಷ ಇರುತ್ತದೆ. ರುಚಿ ಸಿಹಿ! ಮಗು ಕುಡಿದರೂ, ನಾಯಿ ನೆಕ್ಕಿದರೂ ಮೂತ್ರಪಿಂಡ ಕೆಟ್ಟು ಪ್ರಾಣ ಹೋಗಬಹುದು. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಅದನ್ನು ತುಂಬಿಡಬೇಡಿ. ಬಾವಿ ಹತ್ತಿರ, ಚರಂಡಿಗೆ ಚೆಲ್ಲಬೇಡಿ. ಕ್ಯಾನಿಗೆ ಹಾಕಿ, ಮೇಲೆ "ವಿಷ" ಅಂತ ದೊಡ್ಡದಾಗಿ ಬರೆದು ಗ್ಯಾರೇಜಿಗೆ ಕೊಡಿ. ನೆಲಕ್ಕೆ ಬಿದ್ದಿದ್ದರೆ ಒರೆಸಿ ತೊಳೆಯಿರಿ. ಮಗು ಕುಡಿದಿರಬಹುದು ಅಂತ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಓಡಿ. ಕೂಲೆಂಟ್ ಕ್ಯಾನಿನ ಚೀಟಿಯನ್ನೂ ಒಯ್ದು ಡಾಕ್ಟರಿಗೆ ತೋರಿಸಿ.

ಹೊಸ ಡಬ್ಬಿಯ ಮೇಲೆ ಎರಡು ಗೆರೆ ಇರುತ್ತವೆ. ಇಂಗ್ಲಿಷ್ ಅಕ್ಷರ ಬರದಿದ್ದರೂ ಪರವಾಗಿಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಕೂಲೆಂಟ್ ಎರಡೂ ಗೆರೆಗಳ ನಡುವೆ ನಿಂತಿರಬೇಕು.