ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಲೆನ್ಸ್

ನಮ್ಮ ಮಗಳಿಗೆ ಮೂರನೆಯ ತರಗತಿಯಲ್ಲಿ ಕನ್ನಡಕ ಬಂತು. ಆಗ ನಂಬರ್ ಮೈನಸ್ 1. ಆರನೆಯ ತರಗತಿಗೆ ಬರುವಷ್ಟರಲ್ಲಿ ಅದು ಮೈನಸ್ 3 ಆಗಿತ್ತು. ಮಕ್ಕಳಿಗೆ ಕನ್ನಡಕ ಬರುವುದು ಈಗ ದೊಡ್ಡ ಸುದ್ದಿಯಲ್ಲ. ಆದರೆ ನಮ್ಮ ಮನೆಯಲ್ಲಿ ಭಯಕ್ಕೆ ಕಾರಣವಿತ್ತು. ಅವಳ ಅಜ್ಜಿಗೆ ಮೈನಸ್ 12ರ ದಪ್ಪ ಕನ್ನಡಕ. ಐವತ್ತು ದಾಟಿದ ಮೇಲೆ ಅವರ ಒಂದು ಕಣ್ಣಿನ ಅಕ್ಷಿಪಟಲ ಕಳಚಿ, ಆ ಕಣ್ಣು ಮತ್ತೆ ಕಾಣಲಿಲ್ಲ. ಸಮೀಪದೃಷ್ಟಿ ಏರುತ್ತಾ ಹೋದರೆ ಕಣ್ಣುಗುಡ್ಡೆ ಉದ್ದವಾಗುತ್ತದೆ, ಒಳಗಿನ ಪಟಲ ಎಳೆದಂತಾಗಿ ತೆಳುವಾಗುತ್ತದೆ ಎಂದು ನಮಗೆ ತಿಳಿದದ್ದು ಆಗಲೇ.

ಹೊಸೂರಿನ ಕಣ್ಣಿನ ವೈದ್ಯರು ರಾತ್ರಿ ಹಾಕುವ ಲೆನ್ಸ್ ಬಗ್ಗೆ ಹೇಳಿ, ಬೆಂಗಳೂರಿನ ತಜ್ಞರ ಬಳಿ ಕಳುಹಿಸಿದರು. ಇದಕ್ಕೆ ಆರ್ಥೋಕೆರಟಾಲಜಿ ಎಂದು ಹೆಸರು. ಚಿಕ್ಕದಾಗಿ ಆರ್ಥೋ-ಕೆ ಎನ್ನುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ರಾತ್ರಿಯಿಡೀ ಹಾಕುವ ಇಂಥ ಲೆನ್ಸಿಗೆ 2002ರಲ್ಲಿ ಒಪ್ಪಿಗೆ ಕೊಟ್ಟಿತು.

ಇದು ಕೆಲಸ ಮಾಡುವ ಬಗೆ ಹೀಗಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಆಮ್ಲಜನಕ ಹಾಯಬಲ್ಲ ಈ ಗಟ್ಟಿ ಲೆನ್ಸ್ ನಡುವೆ ಸ್ವಲ್ಪ ಚಪ್ಪಟೆಯಾಗಿರುತ್ತದೆ. ನಿದ್ದೆಯಲ್ಲಿ ಲೆನ್ಸ್ ಮತ್ತು ಕಣ್ಣಿನ ನಡುವಿನ ಕಣ್ಣೀರಿನ ಒತ್ತಡದಿಂದ ಕಾರ್ನಿಯಾದ ಮೇಲ್ಪೊರೆ ನಡುವೆ ತೆಳುವಾಗಿ, ಸುತ್ತ ದಪ್ಪವಾಗುತ್ತದೆ. ಬೆಳಿಗ್ಗೆ ಲೆನ್ಸ್ ತೆಗೆದರೆ ಹಗಲಿಡೀ ಕನ್ನಡಕವಿಲ್ಲದೆ ಕಾಣುತ್ತದೆ. ಇದು ಶಸ್ತ್ರಚಿಕಿತ್ಸೆಯಲ್ಲ. ಹಾಕುವುದನ್ನು ಬಿಟ್ಟರೆ ಕೆಲವು ದಿನಗಳಲ್ಲಿ ಕಣ್ಣು ಮೊದಲಿನಂತಾಗುತ್ತದೆ, ನಂಬರೂ ಮರಳುತ್ತದೆ.

ಮೊದಲ ದಿನ

ಮೊದಲ ಭೇಟಿಗೆ ಅರ್ಧ ದಿನ ಬೇಕಾಯಿತು. ನಂಬರ್ ನೋಡಿದರು, ಕಣ್ಣಿನ ಉದ್ದ ಅಳೆದರು, ಕಣ್ಣೀರು ಮತ್ತು ರೆಪ್ಪೆ ಪರೀಕ್ಷಿಸಿದರು. ಬಳಿಕ ಬೆಳಕಿನ ಉಂಗುರಗಳಿರುವ ಯಂತ್ರದ ಮುಂದೆ ಗಲ್ಲ ಊರಿ ಕೂರಿಸಿ, ಕಾರ್ನಿಯಾದ ಏರುತಗ್ಗುಗಳ ಬಣ್ಣದ ನಕ್ಷೆ ತೆಗೆದರು. ಯಾವುದೂ ನೋಯುವುದಿಲ್ಲ.

ಆಮೇಲೆ ಪರೀಕ್ಷೆಗೆಂದು ಒಂದು ಲೆನ್ಸ್ ಹಾಕಿದರು. "ಅಮ್ಮಾ, ಮರಳು ಬಿದ್ದ ಹಾಗಾಗ್ತದೆ" ಎಂದು ಮಗಳು ಕಣ್ಣೀರು ಸುರಿಸಿದಳು. "ಕಣ್ಣು ಮುಚ್ಚಿಕೋ ಪುಟ್ಟ, ಕಡಿಮೆಯಾಗುತ್ತೆ" ಎಂದರು ವೈದ್ಯರು. ಹಾಗೆಯೇ ಆಯಿತು. ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿ, ಲೆನ್ಸ್ ನಡುವೆ ಸರಿಯಾಗಿ ಕೂತಿದೆಯೇ ಎಂದು ಪರಿಶೀಲಿಸಿದರು. ಲೆನ್ಸ್ ತಯಾರಾಗಿ ಬಂದ ಮೇಲೆ ಹಾಕುವುದು, ತೆಗೆಯುವುದು ಕಲಿಸಿದರು. ಬೆಳಿಗ್ಗೆ ಅದು ಅಂಟಿಕೊಂಡಿದ್ದರೆ ಎಳೆಯಬಾರದು. ಹನಿ ಹಾಕಿ, ಲೆನ್ಸ್ ಅಲುಗಾಡುವ ತನಕ ಕಾದು, ಆಮೇಲೆ ತೆಗೆಯಬೇಕು.

ಮೊದಲ ರಾತ್ರಿ ನಾವಿಬ್ಬರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಮಗಳು ಚೆನ್ನಾಗಿ ಮಲಗಿದಳು. ಲೆನ್ಸ್ ಹಾಕಿಕೊಂಡೇ ಬನ್ನಿ ಎಂದಿದ್ದರಿಂದ ಬೆಳಗಿನ ಮೊದಲ ಬಸ್ಸು ಹಿಡಿದೆವು. ಮೊದಲ ವಾರ ದೃಷ್ಟಿ ಅರ್ಧಂಬರ್ಧ. ಬೆಳಿಗ್ಗೆ ಕಂಡದ್ದು ಸಂಜೆಗೆ ಮಸುಕು. ಪೆಟ್ಟಿಗೆಯಲ್ಲಿದ್ದ ಮೂರನೆಯ ತರಗತಿಯ ಹಳೆ ಕನ್ನಡಕ ಆ ವಾರ ಉಪಯೋಗಕ್ಕೆ ಬಂತು! ಹತ್ತನೆಯ ದಿನ ಅವಳು ಹಾಸಿಗೆಯಿಂದಲೇ ಗೋಡೆ ಗಡಿಯಾರ ಓದಿದಳು. ರಾತ್ರಿ ದೀಪಗಳ ಸುತ್ತ ಬಳೆಯಂಥ ಬೆಳಕು ಕಾಣುವುದು ಮಾತ್ರ ಸ್ವಲ್ಪ ಸಮಯ ಉಳಿಯಿತು.

ನಮ್ಮ ತಪ್ಪು

ಮೂರನೆಯ ವಾರದ ಭೇಟಿಯಲ್ಲಿ ವೈದ್ಯರು, "ಲೆನ್ಸ್ ಡಬ್ಬಿ ಹೇಗೆ ತೊಳೆಯುತ್ತೀರಿ?" ಎಂದು ಕೇಳಿದರು. "ದಿನಾ ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತೇವೆ" ಎಂದೆವು, ಹೆಮ್ಮೆಯಿಂದಲೇ. ಅವರ ಮುಖ ಬದಲಾಯಿತು. ಡಬ್ಬಿಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದರು. ನಲ್ಲಿಯದಿರಲಿ, ಬೋರ್‌ವೆಲ್ಲಿನದಿರಲಿ, ಕುಡಿಯುವ ನೀರೇ ಇರಲಿ, ಅದರಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸಿನ ಮೂಲಕ ಕಾರ್ನಿಯಾ ಸೇರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ದೃಷ್ಟಿಯೇ ಹೋಗಬಹುದು. ಕಣ್ಣು ಉಳಿಸಲು ಹೊರಟ ನಾವು ಅದಕ್ಕೇ ಅಪಾಯ ತರುತ್ತಿದ್ದೆವು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಅಂದಿನಿಂದ ನಮ್ಮ ನಿಯಮಗಳು ಇವು. ಸೋಪಿನಿಂದ ಕೈ ತೊಳೆದು ಪೂರ್ತಿ ಒರೆಸಿಕೊಂಡೇ ಲೆನ್ಸ್ ಮುಟ್ಟುವುದು. ಲೆನ್ಸಿಗೂ ಡಬ್ಬಿಗೂ ವೈದ್ಯರು ಹೇಳಿದ ದ್ರಾವಣ ಮಾತ್ರ. ಅದೂ ಪ್ರತಿದಿನ ಹೊಸದು. ಡಬ್ಬಿಯನ್ನು ಆಗಾಗ ಬದಲಿಸುವುದು. ಕಣ್ಣು ಕೆಂಪಾದರೆ, ನೋವಾದರೆ, ಬೆಳಕು ಚುಚ್ಚಿದರೆ ಲೆನ್ಸ್ ಹಾಕದೆ ಅದೇ ದಿನ ವೈದ್ಯರಲ್ಲಿಗೆ ಹೋಗುವುದು. ಮೆಡಿಕಲ್ ಅಂಗಡಿಯ ಹನಿ ಹಾಕಿ ಕಾಯುವುದಿಲ್ಲ.

ಹೋಗುವ ಮುನ್ನ

ನಂಬರ್ ಏರುವುದು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಹಾಂಗ್‌ಕಾಂಗ್‌ನಲ್ಲಿ 6ರಿಂದ 10 ವರ್ಷದ ಮಕ್ಕಳ ಮೇಲೆ ನಡೆಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಕಣ್ಣು ಉದ್ದವಾಗುವಿಕೆ ಕನ್ನಡಕದ ಮಕ್ಕಳಿಗಿಂತ ಶೇ. 43ರಷ್ಟು ಕಡಿಮೆಯಿತ್ತು. ಆದರೆ ಎಲ್ಲ ಮಕ್ಕಳಿಗೂ ಫಲ ಒಂದೇ ಅಲ್ಲ. ನಂಬರ್ ಮೈನಸ್ 6 ದಾಟಿದವರಿಗೆ, ಕಣ್ಣಿನ ಅಲರ್ಜಿ ಹೆಚ್ಚಿರುವವರಿಗೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಕನ್ನಡಕಗಳೂ ಇವೆ. ಮಕ್ಕಳು ದಿನಾ ಹೊರಗೆ ಬಿಸಿಲಲ್ಲಿ ಆಡುವುದಕ್ಕಂತೂ ಖರ್ಚೇ ಇಲ್ಲ.

ಈ ಲೆನ್ಸಿಗೆ ಕನ್ನಡಕದ ಹಲವು ಪಟ್ಟು ಹಣ ಬೇಕು. ಪರೀಕ್ಷೆ, ಮರುಭೇಟಿ, ದ್ರಾವಣ, ಒಡೆದರೆ ಹೊಸ ಲೆನ್ಸ್ ಎಲ್ಲ ಸೇರಿ ಎಷ್ಟೆಂದು ಮೊದಲೇ ಕೇಳಿಕೊಳ್ಳಿ. ಮಗು ಕನ್ನಡಕವಿಲ್ಲದೆ ಓಡಾಡಿದರೂ ಅದರ ಕಣ್ಣು ಸಮೀಪದೃಷ್ಟಿಯದೇ. ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆ ತಪ್ಪಿಸಬಾರದು.

ಇದೇ ಎಲ್ಲರಿಗೂ ದಾರಿ ಎಂದು ನಾವು ಹೇಳುವುದಿಲ್ಲ. ದಿನವೂ ಶಿಸ್ತು ಪಾಲಿಸಲು ಆಗದ ಮನೆಗೆ ಕನ್ನಡಕವೇ ಒಳ್ಳೆಯದು. ನಮ್ಮ ಮನೆಯಲ್ಲಿ ಈಗ ರಾತ್ರಿ ಒಂಬತ್ತಕ್ಕೆ ಮಗಳೇ ಡಬ್ಬಿ ತಂದು ಕೂರುತ್ತಾಳೆ. ಲೆನ್ಸ್ ಹಾಕಲು ನಾವು ಹತ್ತಿರ ಬಂದರೆ ಮೊದಲು ಕೇಳುವುದು ಒಂದೇ: "ಅಮ್ಮಾ, ಕೈ ಒಣಗಿದೆಯಾ? ತೋರಿಸು." ಪಕ್ಕದ ಮಂಚದಿಂದ ಅಜ್ಜಿ ತಮ್ಮ ಒಂದೇ ಕಣ್ಣಿನಿಂದ ಅದನ್ನು ನೋಡುತ್ತಿರುತ್ತಾರೆ.