ಇಳಕಲ್ ಕಲ್ಲಿನಲ್ಲಿ ಇಲ್ಲದ್ದು, ಗ್ಯಾಸ್ ಲೈಟರಿನಲ್ಲಿ ಇರುವುದು

ಪಾಲಿಶ್ ಆದ ಇಳಕಲ್ ಗ್ರಾನೈಟನ್ನು ಹತ್ತಿರದಿಂದ ನೋಡಿ. ಕೆಂಪಗಿರುವುದು ಫೆಲ್ಡ್‌ಸ್ಪಾರ್. ನಡುನಡುವೆ ಬೂದುಬಣ್ಣಕ್ಕೆ ಹೊಳೆಯುವ ಕಾಳು ಬೆಣಚು, ಅಂದರೆ ಕ್ವಾರ್ಟ್ಜ್. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲಿನಲ್ಲಂತೂ ಬಹುಪಾಲು ಬೆಣಚೇ. ಇದರ ಹರಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಪ್ಯಾರಿಸ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು ತೋರಿಸಿದರು. ಪೀಜೋವಿದ್ಯುತ್ ಎಂದರೆ ಇದೇ. ಹಾಗಾದರೆ ಹುನಗುಂದ, ಇಳಕಲ್ ಕಡೆಯ ಕ್ವಾರಿಗಳಲ್ಲಿ ಟನ್‌ಗಟ್ಟಲೆ ಭಾರ ಹೊತ್ತ ಬಂಡೆ ಮುಟ್ಟಿದವರಿಗೆ ಶಾಕ್ ಹೊಡೆಯಬೇಕಲ್ಲವೇ?

ಹೊಡೆಯುವುದಿಲ್ಲ. ಕಲ್ಲಿನೊಳಗೆ ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ ಮುಖಮಾಡಿ ಗಟ್ಟಿಯಾಗಿದೆ. ಒಂದು ಕಾಳು ಕೊಟ್ಟ ವಿದ್ಯುದಂಶವನ್ನು ಪಕ್ಕದ್ದು ಹೊಡೆದುಹಾಕುತ್ತದೆ. ಅವನ್ನು ಸಾಲಾಗಿ ನಿಲ್ಲಿಸುವ ಉಪಾಯವೂ ಇಲ್ಲ, ಏಕೆಂದರೆ ಒತ್ತಡವಿಲ್ಲದಾಗ ಬೆಣಚಿಗೆ ತನ್ನದೇ ಆದ ಧನ-ಋಣ ತುದಿಗಳಿಲ್ಲ.

ಅಡುಗೆಮನೆಯ ಲೈಟರಿನೊಳಗಿನ ಪುಟ್ಟ ತುಂಡೂ ಇಂಥದೇ ಬಹುಕಾಳಿನ ವಸ್ತು. ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಆಕ್ಸೈಡ್ ಸುಟ್ಟು ಮಾಡಿದ ಸೆರಾಮಿಕ್ ಅದು, ಹೆಸರು ಪಿಜೆಡ್‌ಟಿ. ಆದರೆ ಇದರ ಹರಳು ಹುಟ್ಟಾ ಧ್ರುವೀಕೃತ. ಬಿಸಿಯಾಗಿದ್ದಾಗ ಸರಿಯಾಗಿ ನಡುವೆ ಕೂರುವ ಟೈಟಾನಿಯಂ ಅಯಾನು, ತಣಿದಾಗ ಒಂದು ಬದಿಗೆ ಸರಿಯುತ್ತದೆ. ಹರಳೂ ಅದೇ ದಿಕ್ಕಿಗೆ ಕೊಂಚ ಉದ್ದವಾಗುತ್ತದೆ. ಒತ್ತುವ ಮೊದಲೇ ಒಂದು ತುದಿ ಧನ, ಇನ್ನೊಂದು ಋಣ. ಮೊದಲಿಗೆ ಇಲ್ಲಿಯೂ ಕಾಳುಗಳು ದಿಕ್ಕಾಪಾಲು. ಕಾರ್ಖಾನೆಯಲ್ಲಿ ಬಿಸಿ ಎಣ್ಣೆಯಲ್ಲಿ ಮುಳುಗಿಸಿ, ಮಿಲಿಮೀಟರಿಗೆ 2–3 ಸಾವಿರ ವೋಲ್ಟ್ ಕೊಟ್ಟರೆ ಅವುಗಳ ಧ್ರುವೀಕರಣ ಹೆಚ್ಚುಕಡಿಮೆ ಒಂದೇ ಕಡೆ ತಿರುಗಿ ಹಾಗೆಯೇ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅಚ್ಚರಿಯ ಭಾಗ ಇದೇ: ಗಟ್ಟಿ ಕಲ್ಲಿನಂಥ ವಸ್ತುವಿಗೆ ಹೊರಗಿನಿಂದ ದಿಕ್ಕು ಕಲಿಸಬಹುದು. ಒಂದು ನ್ಯೂಟನ್ ಬಲಕ್ಕೆ ಬೆಣಚು ಸುಮಾರು 2.3 ಪಿಕೋಕೂಲಂಬ್ ಕೊಟ್ಟರೆ, ಪಿಜೆಡ್‌ಟಿ ನೂರು ಪಟ್ಟಿಗೂ ಹೆಚ್ಚು ಕೊಡುತ್ತದೆ.

ಸುಮ್ಮನಿದ್ದಾಗ ಲೈಟರ್ ಶಾಕ್ ಕೊಡದಿರುವುದು ಏಕೆ? ಗಾಳಿಯಿಂದಲೂ ಸುತ್ತಲಿನಿಂದಲೂ ಬಂದ ವಿದ್ಯುದಂಶ ಮೇಲ್ಮೈಯಲ್ಲಿ ಕೂತು ಲೆಕ್ಕ ಸರಿದೂಗಿಸಿರುತ್ತದೆ. ಸ್ಪ್ರಿಂಗಿನ ಸುತ್ತಿಗೆ ಟಕ್ಕೆಂದು ಬಡಿದಾಗ ಹರಳು ಕುಗ್ಗಿ ಧ್ರುವೀಕರಣ ಥಟ್ಟನೆ ಬದಲಾಗುತ್ತದೆ. ಆ ವ್ಯತ್ಯಾಸವೇ ಸಾವಿರಾರು ವೋಲ್ಟಿನ ಕಿಡಿ.

ಸ್ಥಿತಿಸ್ಥಾಪಕತೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಎರಡು ತುದಿಗಳನ್ನು ತಂತಿಯಿಂದ ಕೂಡಿಸಿದರೆ ತುಂಡು ಸುಲಭವಾಗಿ ಕುಗ್ಗುತ್ತದೆ. ಬಿಡಿಯಾಗಿಟ್ಟರೆ ಹುಟ್ಟಿದ ವೋಲ್ಟೇಜೇ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಒಳ್ಳೆಯ ಪಿಜೆಡ್‌ಟಿ ಆಗ ಅದೇ ಒತ್ತಡಕ್ಕೆ ಸುಮಾರು ಅರ್ಧದಷ್ಟೇ ಕುಗ್ಗುತ್ತದೆ. ತಿರುಗಿ ವೋಲ್ಟೇಜ್ ಕೊಟ್ಟರೆ ತಾನೇ ಹಿಗ್ಗಿ ಕುಗ್ಗುತ್ತದೆ. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಗರ್ಭಿಣಿಯ ಹೊಟ್ಟೆಯ ಮೇಲಿಡುವ ಸ್ಕ್ಯಾನಿಂಗ್ ಪ್ರೋಬ್ ಶಬ್ದದಲೆ ಕಳಿಸುವುದೂ, ಮರಳಿದ ಅಲೆಯನ್ನು ಕೇಳುವುದೂ ಹೀಗೆಯೇ.

ಲೈಟರ್ ಕಿಡಿ ಕೊಡದಿದ್ದರೆ ಎಸೆಯುವ ಮೊದಲು ತುದಿ ನೋಡಿ. ಉಕ್ಕಿದ ಹಾಲಿನ ಕಲೆ, ಎಣ್ಣೆಜಿಡ್ಡು, ತೇವ ಅಂಟಿದ್ದರೆ ವಿದ್ಯುತ್ ಅಲ್ಲೇ ಸೋರಿಹೋಗುತ್ತದೆ. ಒರೆಸಿ ಒಣಗಿಸಿ. ಉರಿಯ ಪಕ್ಕ ಮಾತ್ರ ಬಿಡಬೇಡಿ: ವಿಪರೀತ ಕಾದರೆ ಹರಳಿನ ಧ್ರುವೀಕರಣ ಅಳಿಸಿಹೋಗುತ್ತದೆ, ಮತ್ತೆ ತಣಿದರೂ ಕಾಳುಗಳು ತಾವಾಗಿ ಸಾಲುಗೂಡುವುದಿಲ್ಲ.