ಟೈರು ದೊಡ್ಡದಾದರೆ ಡೀಸೆಲ್ ಉಳಿಯುವುದೇ?

ಮದುವೆಯ ಹಂಗಾಮು ಬಂತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಹಳೆಯ ಜೀಪು, ಟ್ರ್ಯಾಕ್ಸ್, ಬೊಲೆರೊಗಳೇ ಅರ್ಧ ಮನೆಯಾಗಿಬಿಡುತ್ತವೆ. ಜಮಖಾನ, ಗ್ಯಾಸಿನ ಒಲೆ, ರೊಟ್ಟಿಯ ಗಂಟು, ನೀರಿನ ಕ್ಯಾನು, ನಿದ್ದೆಹೋದ ಮಗು ಎಲ್ಲವೂ ಅದರಲ್ಲೇ. ನೆರಳು ಕಂಡಲ್ಲಿ ಅಡುಗೆ, ನಮಾಝ್, ಮತ್ತೆ ಪ್ರಯಾಣ. ವೇಗ 60 ದಾಟಿತೋ, ಇಂಥ ಗಾಡಿಯ ಎಂಜಿನ್ ಚೀರತೊಡಗುತ್ತದೆ. ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: "ಭಾಯ್, ದೊಡ್ಡ ಟೈರ್ ಹಾಕಿಸಿ. ಎಂಜಿನ್ ಆರಾಮಾಗಿ ಓಡುತ್ತೆ, ಡೀಸೆಲ್ಲೂ ಉಳಿಯುತ್ತೆ."

ಇದು ಗಂಡಸರ ವಿಷಯವೆಂದು ಪುಟ ತಿರುವಬೇಡಿ ಸಹೋದರಿಯರೇ. ಟೈರಿನ ಹಣ ಹೋಗುವುದು ಮನೆಯ ಖರ್ಚಿನಿಂದಲೇ. ಆ ಗಾಡಿಯಲ್ಲಿ ಕೂರುವವರು ನಿಮ್ಮ ಮಕ್ಕಳೇ.

ಸಲಹೆಯಲ್ಲಿ ಸತ್ಯವಿಲ್ಲವೆಂದಲ್ಲ. ಚಿಕ್ಕ ಚಕ್ರದ ಸೈಕಲ್ಲಿನಲ್ಲಿ ಮಗು ಎಷ್ಟು ಪೆಡಲ್ ತುಳಿದರೂ ಅಪ್ಪನ ಸೈಕಲ್ ಮುಂದೆ ಹೋಗುವುದಿಲ್ಲವೇ? ಇದೂ ಹಾಗೆಯೇ. ಬೊಲೆರೊ ಗಾಡಿಗಳಿಗೆ ಬಂದಿರುವ ಒಂದು ಅಳತೆ 215/75 ಆರ್ 15. ಅಂದರೆ ಟೈರಿನ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮು 15 ಇಂಚು. ಲೆಕ್ಕ ಹಾಕಿದರೆ ಈ ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ 21 ಸೆಂಟಿಮೀಟರ್ ಸಾಗುತ್ತದೆ. ಅದರ ಬದಲು 235/75 ಆರ್ 15 ಹಾಕಿಸಿದರೆ 2 ಮೀಟರ್ 30. ಒಂದು ಕಿಲೋಮೀಟರಿಗೆ 452 ಸುತ್ತು ಬೇಕಾಗಿದ್ದಲ್ಲಿ 434 ಸಾಕು. ಅದೇ ವೇಗದಲ್ಲಿ 2500 ಸುತ್ತು ತಿರುಗುತ್ತಿದ್ದ ಎಂಜಿನ್ 2400ಕ್ಕೆ ಇಳಿಯುತ್ತದೆ. ನಾಲ್ಕೇ ಗೇರಿನ ಹಳೆಯ ಗಾಡಿಯಲ್ಲಿ ಇದು ಕಿವಿಗೆ ತಿಳಿಯುತ್ತದೆ.

ಆದರೆ ಗಮನಿಸಿ, ಇಳಿದದ್ದು ನೂರಕ್ಕೆ ನಾಲ್ಕು ಮಾತ್ರ. ಡೀಸೆಲ್ ಅಷ್ಟೂ ಉಳಿಯುವುದಿಲ್ಲ. ಅಗಲವಾದ, ಭಾರವಾದ ಟೈರನ್ನು ಉರುಳಿಸಲು ಅದರಲ್ಲೊಂದು ಪಾಲು ಮತ್ತೆ ಖರ್ಚಾಗುತ್ತದೆ.

ಇನ್ನು ದಾರಿಯ ಮಾತು. ರಾಷ್ಟ್ರೀಯ ಹೆದ್ದಾರಿ 52 ನಮ್ಮ ಜಿಲ್ಲೆಯ ಎರಡು ಮುಖಗಳನ್ನೂ ತೋರಿಸುತ್ತದೆ. ನವಲಗುಂದದಿಂದ ಹುಬ್ಬಳ್ಳಿಯವರೆಗೆ ಎರೆಭೂಮಿಯ ಸಮತಟ್ಟು. ಇಲ್ಲಿ ದೊಡ್ಡ ಟೈರಿನ ಸುಖ ನಿಜವೇ. ಹುಬ್ಬಳ್ಳಿ ದಾಟಿ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲೆಗೆ ಹೊರಡಿ, ಅದೇ ಟೈರ್ ಬೇರೆ ಕಥೆ ಹೇಳುತ್ತದೆ. ಎಂಜಿನ್ ಶಕ್ತಿ ನೆಲಕ್ಕೆ ಮುಟ್ಟುವುದು ಅದೇ ನೂರಕ್ಕೆ ನಾಲ್ಕರಷ್ಟು ಕಡಿಮೆ. ಹತ್ತು ಜನ, ಸಾಮಾನು ತುಂಬಿದ ಗಾಡಿಗೆ ಏರಿನಲ್ಲಿ ಗೇರ್ ಇಳಿಸಬೇಕಾಗಿ ಬಂದರೆ ಬಯಲಲ್ಲಿ ಉಳಿಸಿದ ಡೀಸೆಲ್ ಅಲ್ಲೇ ತೀರಿತು. ಹಿಂತಿರುಗುವಾಗಿನ ಏರಿಗಿಂತ ನನಗೆ ಹೋಗುವಾಗಿನ ಇಳಿಜಾರಿನದೇ ಹೆಚ್ಚು ಚಿಂತೆ. ಗೇರಿನಲ್ಲಿ ಗಾಡಿಯನ್ನು ಹಿಡಿದಿಡುವ ಎಂಜಿನ್ನಿನ ಹಿಡಿತವೂ, ಬ್ರೇಕಿನ ಬಿಗಿಯೂ ಎತ್ತರದ ಚಕ್ರದ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ಮೊದಲೇ ಸವೆದ ಬ್ರೇಕಿದ್ದರೆ ಆ ಸ್ವಲ್ಪವೇ ದೊಡ್ಡದು.

ಮೀಟರಿನ ಲೆಕ್ಕವೂ ತಪ್ಪುತ್ತದೆ. ಮುಳ್ಳು 60 ತೋರಿಸುವಾಗ ಗಾಡಿ 62 ದಾಟಿರುತ್ತದೆ. ಸಾವಿರ ಕಿಲೋಮೀಟರ್ ಓಡಿದರೆ ಸುಮಾರು 960 ಎಂದು ತೋರಿಸುತ್ತದೆ. ಡೀಸೆಲ್ ಖರ್ಚನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಗೃಹಿಣಿಗೆ ಮೈಲೇಜು ಕುಸಿದಂತೆ ಕಾಣಬಹುದು. ಮೀಟರಿನ ಅಂಕಿಗೆ ನೂರಕ್ಕೆ ನಾಲ್ಕು ಕೂಡಿಸಿ ನೋಡಿ. ಮುಂದೊಂದು ದಿನ ಗಾಡಿ ಮಾರುವಾಗ ಈ ಮಾತನ್ನು ಕೊಳ್ಳುವವರಿಗೆ ಹೇಳಲೇಬೇಕು. ಮಾರುವ ವಸ್ತುವಿನ ಐಬನ್ನು ಮುಚ್ಚಿಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆ ಧಾನ್ಯದ ರಾಶಿಗೆ ಮಾತ್ರ ಸೀಮಿತವಲ್ಲ. ಇದಕ್ಕೆ ತದ್ವಿರುದ್ಧವಾಗಿ, ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆಗೆ ಓಡಿಸುವವರು ಚಿಕ್ಕ ಟೈರ್ ಹಾಕಿದರೆ ಮೀಟರ್ ಹೆಚ್ಚು ತೋರಿಸುತ್ತದೆ. ಗೊತ್ತಿದ್ದೂ ಆ ಹಣ ಪಡೆಯುವುದು ತೂಕದಲ್ಲಿ ಮೋಸ ಮಾಡಿದಂತೆಯೇ.

ಹಾಗಾದರೆ ಹಾಕಿಸಲೇಬಾರದೇ? ಹಳೆಯ ಟೈರ್ ಸವೆದು ಹೇಗೂ ಬದಲಿಸಬೇಕಾಗಿದ್ದರೆ, ನಿಮ್ಮ ಓಡಾಟ ಹೆಚ್ಚಾಗಿ ಬಯಲಲ್ಲೇ ಇದ್ದರೆ, ಗಾಡಿಯ ಕೈಪಿಡಿಯಲ್ಲಿ ಆ ಅಳತೆಗೆ ಒಪ್ಪಿಗೆ ಇದ್ದರೆ ಹಾಕಿಸಿ. ಇನ್ನೂ ಚೆನ್ನಾಗಿರುವ ನಾಲ್ಕು ಟೈರ್ ತೆಗೆದೆಸೆಯುವುದು ಬರೀ ಇಸ್ರಾಫ್. ಕಂಪನಿ ಹೇಳದ ಅಳತೆ ಹಾಕಿಸುವ ಮುನ್ನ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೆನಪಿರಲಿ. ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ಅದು ತಡೆಯುತ್ತದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲೂ ಇದು ದಾರಿ.

ಅಂಗಡಿಯಲ್ಲಿ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಎಲ್ಲಿಯೂ ಉಜ್ಜುವುದಿಲ್ಲವೆಂದು ನೋಡಲು ಹೇಳಿ. ಖಾಲಿ ಗಾಡಿಯಲ್ಲಿ ಉಜ್ಜದ್ದು ಜನ ಕೂತಾಗ ಉಜ್ಜಬಹುದು. ಮನೆಮಂದಿಯೆಲ್ಲ ಕೂತು ಇನ್ನೊಮ್ಮೆ ನೋಡಿದರೆ ಒಳ್ಳೆಯದು. ರಿಮ್ಮಿನ ಅಗಲ ಹೊಸ ಟೈರಿಗೆ ಹೊಂದಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ: 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಅಗ್ಗಕ್ಕೆ ಸಿಕ್ಕಿತೆಂದು ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟೈರ್ ತರಬೇಡಿ.

ಹೆಚ್ಚಿನವರು ಮರೆಯುವುದು ಸ್ಟೆಪ್ನಿಯನ್ನು. ನಾಲ್ಕು ದೊಡ್ಡ ಟೈರ್ ಹಾಕಿಸಿ ಐದನೆಯದು ಹಳೆಯ ಅಳತೆಯಲ್ಲೇ ಉಳಿದರೆ, ಪಂಕ್ಚರಾದ ದಿನ ಹಿಂದಿನ ಎರಡು ಚಕ್ರಗಳು ಬೇರೆಬೇರೆ ಎತ್ತರದವಾಗುತ್ತವೆ. ನೇರ ದಾರಿಯಲ್ಲೂ ಡಿಫರೆನ್ಷಿಯಲ್ ಒಂದೇ ಸಮನೆ ತಿರುಗುತ್ತ ಬಿಸಿಯಾಗುತ್ತದೆ. ಅಂಥ ಸ್ಟೆಪ್ನಿಯನ್ನು ಹಾಕಿಕೊಂಡು ಮೆಲ್ಲಗೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ ಹೋಗಬೇಕು, ಬೀಗರ ಊರಿನವರೆಗಲ್ಲ.